ಮುಂದಿನ ವಾಯಿದೆಗೆ ಕೋರ್ಟು ಇದ್ದರೆ

ಕೇಸು ಸೋಲಬಹುದು, ಗೆಲ್ಲಬಹುದು. ಕಕ್ಷಿದಾರ ತೀರಿಕೊಂಡು ಮಕ್ಕಳು ವಾರಸುದಾರರೆಂದು ದಾಖಲಾಗಬಹುದು. ಎದುರು ಪಾರ್ಟಿಯ ವಕೀಲರು ಜಡ್ಜಾಗಬಹುದು. ಇವಕ್ಕೆಲ್ಲ ನಮ್ಮ ಜನ ಒಗ್ಗಿಹೋಗಿದ್ದಾರೆ. ಆದರೆ ಕೇಸು ಉಸಿರಾಡುತ್ತಿರುವಾಗಲೇ ಕೋರ್ಟು ತೀರಿಕೊಳ್ಳುವುದಿದೆಯಲ್ಲ, ಅದಕ್ಕೆ ಸೂತಕ ಎಷ್ಟು ದಿನ, ತಿಥಿ ಯಾವಾಗ, ಪಿಂಡ ಇಡುವವರು ಯಾರು ಎಂದು ಯಾವ ವಕೀಲರೂ ಇನ್ನೂ ಹೇಳಿಕೊಟ್ಟಿಲ್ಲ. ಸೊರಬ, ಶಿಕಾರಿಪುರದ ಗೇಣಿ ಕಡತಗಳು ಅಂಥ ಸಾವನ್ನೂ ಕಂಡಿವೆ.

ಕೋರ್ಟನ್ನು ಸಾಯಿಸುವ ಅಧಿಕಾರ ಯಾರದು ಎಂದರೆ, ಹುಟ್ಟಿಸಿದವರದೇ. ಸುಪ್ರೀಂ ಕೋರ್ಟು, ಹೈಕೋರ್ಟುಗಳು ಸಂವಿಧಾನಕ್ಕೆ ಹುಟ್ಟಿದವು. ಅವುಗಳ ತಂಟೆಗೆ ವಿಧಾನಸೌಧ ಹೋಗುವಂತಿಲ್ಲ. ಅವುಗಳ ಕೆಳಗಿರುವ ಮಂಡಳಿ, ಪ್ರಾಧಿಕಾರ, ವಿಶೇಷ ನ್ಯಾಯಾಲಯಗಳೆಲ್ಲ ಕಾಯ್ದೆಗೆ ಹುಟ್ಟಿದವು. ಒಂದು ತಿದ್ದುಪಡಿಯಲ್ಲಿ ಹುಟ್ಟುತ್ತವೆ, ಇನ್ನೊಂದರಲ್ಲಿ ಕಣ್ಣು ಮುಚ್ಚುತ್ತವೆ. ಕೆಳಗಿನ ಕೋರ್ಟುಗಳ ರಚನೆ 1976ರವರೆಗೆ ರಾಜ್ಯಪಟ್ಟಿಯಲ್ಲಿತ್ತು. ತುರ್ತುಪರಿಸ್ಥಿತಿಯಲ್ಲಿ ಬಂದ 42ನೇ ತಿದ್ದುಪಡಿ ಅದನ್ನು ಸಮವರ್ತಿ ಪಟ್ಟಿಗೆ ‘11ಎ’ ಎಂಬ ನಂಬರು ಕೊಟ್ಟು ಸಾಗಿಸಿತು. ಅದೇ ತಿದ್ದುಪಡಿ 323ಬಿ ಎಂಬ ವಿಧಿಯನ್ನೂ ಸೇರಿಸಿ, ಭೂಸುಧಾರಣೆಯಂಥ ವಿಷಯಗಳಿಗೆ ಶಾಸನಸಭೆಗಳು ನ್ಯಾಯಮಂಡಳಿ ಮಾಡಿಕೊಳ್ಳಬಹುದು ಎಂದಿತು. ಕೋರ್ಟು ಮಾಡುವ ಕೈ ಒಂದಿದ್ದದ್ದು ಎರಡಾಯಿತು. ಮಾಡಿದ್ದನ್ನು ನೋಡಿಕೊಳ್ಳುವ ಕೈ ಎಷ್ಟು ಎಂಬುದು ಬೇರೆ ಮಾತು.

ಒಬ್ಬ ಗೇಣಿದಾರನನ್ನು ಕಲ್ಪಿಸಿಕೊಳ್ಳೋಣ. ಆನವಟ್ಟಿ ಕಡೆಯವನು ಅನ್ನಿ, ಶಿರಾಳಕೊಪ್ಪದ ಕಡೆಯವನು ಅನ್ನಿ. ಹೆಸರು ಬೇಡ. ಊರಿಗಿಬ್ಬರು ಅಂಥವರು ಸಿಗುತ್ತಾರೆ, ನಾನು ಎಲ್ಲರನ್ನೂ ಸೇರಿಸಿ ಒಬ್ಬನನ್ನು ಮಾಡಿಕೊಂಡಿದ್ದೇನೆ. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಗೇಣಿದಾರರು ಗದ್ದೆಗಿಳಿದು ಸತ್ಯಾಗ್ರಹ ಮಾಡಿದಾಗ ಇವನಿನ್ನೂ ಚಡ್ಡಿ ಹಾಕುವ ಹುಡುಗ. ಒಡೆಯರ ಮನೆಯ ಕೊಳಗ ಗೇಣಿ ಅಳೆಯುವಾಗ ಯಾಕೆ ದೊಡ್ಡದಾಗುತ್ತದೆ ಎಂಬ ಒಂದೇ ಪ್ರಶ್ನೆಯಿಂದ ಎದ್ದ ಗಲಾಟೆ ಅದು. ಲೋಹಿಯಾ ಬಂದು ಅರೆಸ್ಟಾಗಿ ಹೋದರು. ಭೂಸುಧಾರಣೆ ಕಾಯ್ದೆ 1961ರಲ್ಲಿ ಬಂತು. ಬಂದದ್ದು ಹೌದು, ಆದರೆ ಇವನ ಗದ್ದೆಗೆ ಬರಲಿಲ್ಲ.

ಗದ್ದೆಗೆ ಬಂದದ್ದು ದೇವರಾಜ ಅರಸರ ಕಾಲದಲ್ಲಿ. 1974ರ ಮಾರ್ಚ್ 1ರಂದು ಗೇಣಿ ಜಮೀನೆಲ್ಲ ಸರ್ಕಾರದ್ದಾಯಿತು. ಉಳುತ್ತಿದ್ದವನು ನಮೂನೆ 7 ತುಂಬಿಕೊಟ್ಟು, ಇದು ನನ್ನ ಸಾಗುವಳಿ ಎಂದು ಹೇಳಬೇಕು. ನಮ್ಮ ಕಡೆ ಅದಕ್ಕೆ ‘ಡಿಕ್ಲರೇಷನ್ ಹಾಕುವುದು’ ಎನ್ನುತ್ತಿದ್ದರು. ಹಾಕಲು ಕೊನೆಯ ದಿನಾಂಕ ಮುಂದೆ ಹೋಗುತ್ತ ಹೋಗುತ್ತ 1979ರ ಜೂನ್ 30ಕ್ಕೆ ನಿಂತಿತು. ತೀರ್ಮಾನಕ್ಕೆ ತಾಲ್ಲೂಕು ಭೂ ನ್ಯಾಯಮಂಡಳಿ: ಎ.ಸಿ. (ಉಪವಿಭಾಗಾಧಿಕಾರಿ) ಸಾಹೇಬರು ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಸೊರಬ, ಶಿಕಾರಿಪುರ ಎರಡೂ ಸಾಗರ ಉಪವಿಭಾಗಕ್ಕೆ ಸೇರಿದ್ದರಿಂದ ಎ.ಸಿ.ಯವರ ಜೀಪು ಸಾಗರದಿಂದ ಬರಬೇಕಿತ್ತು.

ಈ ಟ್ರಿಬ್ಯೂನಲ್ಲಿನ ಬಗ್ಗೆ ವ್ಯಂಗ್ಯ ಮಾಡಲು ನನಗೆ ಮನಸ್ಸು ಬಾರದು. ಶಾಸನಸಭೆ ಹುಟ್ಟಿಸಿದ ಕೋರ್ಟುಗಳಲ್ಲಿ ಮಾನವಾಗಿ ಬದುಕಿದ್ದು ಇದೊಂದೇ. ಜಗಲಿಯ ಕೆಳಗೆ ಟವೆಲ್ಲು ಕಂಕುಳಿಗೆ ಸಿಕ್ಕಿಸಿ ನಿಂತು ರೂಢಿಯಾದವನು ಇಲ್ಲಿ ಒಡೆಯರ ಎದುರು ಬೆಂಚಿನ ಮೇಲೆ ಕೂತ. ‘ಗೇಣಿ ಚೀಟಿ ಇದೆಯಾ?’ ಎಂದು ಕೇಳಿದರು. ಯಾವ ಒಡೆಯ ಚೀಟಿ ಕೊಟ್ಟಿದ್ದ? ‘ಪಾಣಿಯಲ್ಲಿ ಹೆಸರಿದೆಯಾ?’ ಶಾನುಭೋಗರು ಯಾರ ಮನೆಯಲ್ಲಿ ಊಟ ಮಾಡುತ್ತಿದ್ದರು ಎಂಬುದರ ಮೇಲೆ ಆ ಹೆಸರು ನಿಂತಿತ್ತು. ಅಕ್ಕಪಕ್ಕದ ಗದ್ದೆಯವರನ್ನು ಕೇಳಿದರು. ಅವರು ‘ಇವನೇ ಸ್ವಾಮಿ, ಇವನಪ್ಪನೂ ಇಲ್ಲೇ ಉಳ್ತಿದ್ದ’ ಅಂದರು. ಆದೇಶ ಅರ್ಧ ಪುಟದಲ್ಲಿ ಮುಗಿಯಿತು.

ಆ ಅರ್ಧ ಪುಟವೇ ಮುಂದೆ ಕುತ್ತಿಗೆಗೆ ಬಂತು. ವಕೀಲರು ಮಂಡಳಿಯ ಮುಂದೆ ಬರಕೂಡದು ಎಂದು ಕಾಯ್ದೆಯ 48ನೇ ಕಲಮಿನಲ್ಲಿತ್ತು. ಹಾಗಾಗಿ ಆದೇಶ ಬರೆದವರಿಗೂ ಅದು ಹೈಕೋರ್ಟಿನಲ್ಲಿ ಓದಿಸಿಕೊಳ್ಳಲಿದೆ ಎಂಬ ಭಯವಿರಲಿಲ್ಲ. (ಆ ನಿಷೇಧವನ್ನು 1987ರಲ್ಲಿ ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೆಗೆದುಹಾಕಿತು. ಉಳಿದ ಕಾಯ್ದೆಯನ್ನು ಎತ್ತಿಹಿಡಿದು, ವಕೀಲರ ಮಟ್ಟಿಗೆ ಮಾತ್ರ ಅನ್ಯಾಯವಾಗಿದೆ ಎಂದು ಕಂಡುಕೊಂಡಿತು. ಇದರಲ್ಲಿ ನಗುವಂಥದ್ದೇನಿಲ್ಲ, ಸುಮ್ಮನೆ ಹೇಳಿದೆ.) ಅಪೀಲಿಗೆ ಮೇಲೆ ಬೇರೆ ಕೋರ್ಟಿರಲಿಲ್ಲ. ಒಪ್ಪಿಗೆಯಾಗದವರು ಬೆಂಗಳೂರಿಗೆ ಹೋಗಿ ರಿಟ್ ಹಾಕಬೇಕು. ಒಡೆಯರು ಹೋದರು. ನಮ್ಮ ಗೇಣಿದಾರನೂ ಸೊಸೈಟಿ ಸಾಲ ಮಾಡಿಕೊಂಡು ಅವರ ಹಿಂದೆಯೇ ಹೋದ.

ಹೈಕೋರ್ಟಿನಲ್ಲಿ ರಿಟ್‌ಗಳು ಅಟ್ಟದವರೆಗೆ ಏರಿದಾಗ 1986ರಲ್ಲಿ ವಿಧಾನಸಭೆಗೆ ಜ್ಞಾನೋದಯವಾಯಿತು: ಜಿಲ್ಲೆಯಲ್ಲೇ ಒಂದು ಭೂಸುಧಾರಣಾ ಮೇಲ್ಮನವಿ ಪ್ರಾಧಿಕಾರ ಮಾಡಿದರೆ ಹೇಗೆ? ಆ ವರ್ಷದ 19ನೇ ಕಾಯ್ದೆ ಬಂತು. ಬೆಂಗಳೂರಿನಲ್ಲಿ ಬಾಕಿಯಿದ್ದ ಗೇಣಿ ರಿಟ್‌ಗಳು ಗಂಟುಗಂಟಾಗಿ ಜಿಲ್ಲೆಗಳಿಗೆ ಇಳಿದವು. ನಮ್ಮವನ ಕಡತ ಶಿವಮೊಗ್ಗಕ್ಕೆ ಬಂತು. ಅವನಿಗೆ ಖುಷಿಯೋ ಖುಷಿ. ಬೆಳಿಗ್ಗೆ ಬಸ್ಸು ಹತ್ತಿದರೆ ವಾಯಿದೆ ಮುಗಿಸಿಕೊಂಡು ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ. ವಕೀಲರ ಫೀಸೂ ಜಿಲ್ಲೆಯ ಅಳತೆಯದು. ನಾಲ್ಕು ವರ್ಷ ಹೀಗೆ ಹೋಗಿಬಂದ. ಇನ್ನೇನು ಆರ್ಗ್ಯುಮೆಂಟು ಆಗಬೇಕು ಎನ್ನುವಾಗ 1990ರ 18ನೇ ಕಾಯ್ದೆ ಬಂತು. ಪ್ರಾಧಿಕಾರವೇ ರದ್ದು. ತೀರ್ಮಾನವಾಗದೆ ಉಳಿದವು ಮರಳಿ ಹೈಕೋರ್ಟಿಗೆ, ಅಲ್ಲಿ ಮತ್ತೆ ರಿಟ್ ಅರ್ಜಿಯಾಗಿ ಅವತಾರ.

ಶಿವಮೊಗ್ಗದ ಕೋರ್ಟಿನ ಹೊರಗೆ ನಡೆದಿರಬಹುದಾದ ಮಾತುಕತೆ ಹೀಗಿದೆ.

‘ಏನಾತು ವಕೀಲರೇ, ಇವತ್ತೂ ವಾಯಿದೆನಾ?’

‘ವಾಯಿದೆ ಅಲ್ಲ ಯಜಮಾನ್ರೆ, ಕೋರ್ಟೇ ಹೋಯ್ತು.’

‘ಎಲ್ಲಿಗೆ ಹೋತು? ಭದ್ರಾವತಿಗಾ?’

‘ಎಲ್ಲಿಗೂ ಇಲ್ಲ. ತೆಗೆದ್ರು.’

‘ಯಾರು? ಒಡೇರು ಸ್ಟೇ ತಂದ್ರಾ?’

‘ಅವರಲ್ಲ ಮಾರಾಯ್ರೆ. ವಿಧಾನಸಭೆಯಲ್ಲಿ ಪಾಸಾಗಿದೆ.’

‘ವಿಧಾನಸಭೆ ಅಂದ್ರೆ, ನಾವು ಓಟು ಹಾಕಿದ್ದಲ್ವಾ?’

‘ಹೌದು.’

‘ಹಂಗಾರೆ ಸೈ ಬಿಡಿ. ನನ್ ಕೋರ್ಟು ನಾನೇ ತೆಗೆದಂಗಾತು.’

ಕಾಯ್ದೆಯ ಉದ್ದೇಶ, ಕಾರಣಗಳ ವಿವರಣೆಯನ್ನು ಯಾರೂ ಇದಕ್ಕಿಂತ ಚಿಕ್ಕದಾಗಿ ಬರೆಯಲಾರರು. ಅದೇ 1990ರ ಅಕ್ಟೋಬರಿನಲ್ಲಿ ಸೊರಬದ ಕುಬಟೂರಿನ ಬಂಗಾರಪ್ಪನವರು ಮುಖ್ಯಮಂತ್ರಿಯಾದರು. ತಾಲ್ಲೂಕಿಗೆ ತಾಲ್ಲೂಕೇ ಪಟಾಕಿ ಹಚ್ಚಿತು. ಪ್ರಾಧಿಕಾರವನ್ನು ತೆಗೆದದ್ದು ಅವರಲ್ಲ. ಎಬ್ಬಿಸಿ ಕೂರಿಸಿದ್ದೂ ಇಲ್ಲ. ಹೈಕೋರ್ಟು ಆಮೇಲೆ ಇಂಥ ಅದೆಷ್ಟೋ ಕಡತಗಳನ್ನು ಬಿಚ್ಚಿ, ಆ ಅರ್ಧ ಪುಟದ ಆದೇಶ ನೋಡಿ, ಸರಿಯಾಗಿ ವಿಚಾರಣೆ ನಡೆದಿಲ್ಲ, ಹೊಸದಾಗಿ ತೀರ್ಮಾನಿಸಿ ಎಂದು ತಾಲ್ಲೂಕಿನ ಮಂಡಳಿಗೇ ವಾಪಸು ಕಳಿಸಿತು. ಮಂಡಳಿಯ ಸದಸ್ಯರು ಸರ್ಕಾರ ನೇಮಿಸಿದವರು. ಸರ್ಕಾರ ಬದಲಾದರೆ ಅವರೂ ಬದಲು. ಸಾಗರದಿಂದ ಎ.ಸಿ.ಯವರು ಬಂದ ದಿನ ಸದಸ್ಯರಿಲ್ಲ, ಸದಸ್ಯರಿದ್ದ ದಿನ ಎ.ಸಿ.ಯವರಿಗೆ ಮಂತ್ರಿಗಳ ಪ್ರವಾಸ. ‘ಇವನಪ್ಪನೂ ಇಲ್ಲೇ ಉಳ್ತಿದ್ದ’ ಎಂದಿದ್ದ ಸಾಕ್ಷಿಗಳು ಅಷ್ಟರಲ್ಲಿ ಒಬ್ಬೊಬ್ಬರಾಗಿ ಮಸಣ ಸೇರಿದ್ದರು.

ಹೀಗೆ ಆಗುವುದು ನಮ್ಮಲ್ಲಿ ಮಾತ್ರ ಎಂದು ಕುಗ್ಗಬೇಕಿಲ್ಲ. ಅಮೆರಿಕದಲ್ಲಿ ಇದಕ್ಕೆ ದೊಡ್ಡ ಮನೆತನವಿದೆ. ಅಲ್ಲಿ ಸುಪ್ರೀಂ ಕೋರ್ಟೊಂದನ್ನು ಬಿಟ್ಟು ಉಳಿದ ಫೆಡರಲ್ ಕೋರ್ಟುಗಳನ್ನು ಕಾಂಗ್ರೆಸ್ಸು ಬೇಕೆನಿಸಿದಾಗ ಮಾಡಬಹುದು. ಚುನಾವಣೆ ಸೋತ ಅಧ್ಯಕ್ಷ ಜಾನ್ ಆಡಮ್ಸ್ ಮನೆಗೆ ಹೋಗುವ ಮೊದಲು 1801ರ ಫೆಬ್ರವರಿಯಲ್ಲಿ ಹೊಸ ಸರ್ಕ್ಯೂಟ್ ಕೋರ್ಟುಗಳನ್ನು ಮಾಡಿ, ಹದಿನಾರು ಜಡ್ಜ್ ಹುದ್ದೆಗಳನ್ನು ತನ್ನವರಿಂದ ತುಂಬಿದ. ಗೆದ್ದ ಜೆಫರ್ಸನ್ ಕಡೆಯವರು 1802ರ ಮಾರ್ಚ್‌ನಲ್ಲಿ ಆ ಕಾಯ್ದೆಯನ್ನೇ ರದ್ದು ಮಾಡಿ ಕೋರ್ಟುಗಳನ್ನು ಎತ್ತಿಬಿಟ್ಟರು. ಜಡ್ಜುಗಳನ್ನು ತೆಗೆಯುವಂತಿಲ್ಲ, ಸರಿ. ಅವರು ಕೂತ ಕುರ್ಚಿಯನ್ನು ತೆಗೆಯಬಾರದು ಎಂದು ಎಲ್ಲಿದೆ? ಸುಪ್ರೀಂ ಕೋರ್ಟು ಇದನ್ನು ಪ್ರಶ್ನಿಸೀತು ಎಂಬ ಗುಮಾನಿಗೆ ಅದರ ಮುಂದಿನ ಅಧಿವೇಶನವನ್ನೇ 1803ರ ಫೆಬ್ರವರಿಗೆ ಮುಂದೂಡಿದರು. ಆಮೇಲೆ ಕೂತ ಕೋರ್ಟು ಸ್ಟುವರ್ಟ್ ಮತ್ತು ಲೇರ್ಡ್ ಪ್ರಕರಣದಲ್ಲಿ, ಆದದ್ದು ಸರಿಯಾಗಿದೆ ಎಂದಿತು. ಆ ಕೋರ್ಟುಗಳಿಗೆ ಹದಿಮೂರು ತಿಂಗಳಲ್ಲೇ ಮರಣಶಾಸನ ಬರೆದರು. ನಮ್ಮ ಪ್ರಾಧಿಕಾರ ನಾಲ್ಕು ವರ್ಷ ಬದುಕಿತ್ತು. ಪ್ರಜಾಪ್ರಭುತ್ವದಲ್ಲಿ ನಾವು ಯಾರಿಗೂ ಕಮ್ಮಿಯಿಲ್ಲ. ಅಲ್ಲಿ ಜಗಳ ಯಾರ ಜಡ್ಜು ಎಂಬ ಬಗ್ಗೆ ಇತ್ತು, ಇಲ್ಲಿ ಜಗಳವೇ ಇರಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಜಿಲ್ಲೆಯ ಕೋರ್ಟು ಹೋಯಿತೆಂದು ನಮ್ಮ ಕಡೆಯ ಒಂದು ಬಸ್ಸಿಗಾದರೂ ಕಲ್ಲು ಬಿದ್ದ ನೆನಪಿಲ್ಲ.

ಇನ್ನು ದೂರದ ಮಾತು. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದೇ ಕಾಯಂ ಆಯಿತು. ಹಾವೇರಿ ಜಿಲ್ಲೆ, ಉತ್ತರ ಕನ್ನಡ ಜಿಲ್ಲೆ ಎರಡೂ ಅದಕ್ಕೆ ಸೇರಿದವು. ಶಿವಮೊಗ್ಗ ಸೇರಲಿಲ್ಲ. ಆನವಟ್ಟಿಯಿಂದ ಸ್ವಲ್ಪ ಮುಂದೆ ಹೋದರೆ ಹಾನಗಲ್ಲು: ಅಲ್ಲಿನವನಿಗೆ ಧಾರವಾಡ. ಶಿಕಾರಿಪುರಕ್ಕೆ ತಾಗಿದ ಹಿರೇಕೆರೂರು: ಅವನಿಗೂ ಧಾರವಾಡ. ವರದೆಯ ದಂಡೆಯ ಬನವಾಸಿ ಶಿರಸಿ ತಾಲ್ಲೂಕು: ಧಾರವಾಡ. ಈ ಮೂರರ ನಡುವೆ ಸಿಕ್ಕಿಕೊಂಡ ಸೊರಬದವನು ಮಾತ್ರ ರಾತ್ರಿ ಬಸ್ಸಿನಲ್ಲಿ ಕೂತು ಬೆಂಗಳೂರಿಗೆ ಹೋಗಿ, ಮೆಜೆಸ್ಟಿಕ್ಕಿನಲ್ಲಿ ಮುಖ ತೊಳೆದುಕೊಂಡು ನ್ಯಾಯ ಕೇಳಬೇಕು. ಒಂದೇ ಹಳ್ಳದ ನೀರು ಬಳಸುವ ಇಬ್ಬರು ಆ ನೀರಿಗಾಗಿ ಹೊಡೆದಾಡಿದರೆ ಎರಡು ದಿಕ್ಕಿನ ಬಸ್ಸು ಹತ್ತುತ್ತಾರೆ. ಪೀಠ ಎಲ್ಲಿರಬೇಕು ಎನ್ನುವುದು ಶಾಸಕರ ಕೈಯಲ್ಲಿಲ್ಲ, 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 51ನೇ ಕಲಂ ಪ್ರಕಾರ ಅದು ರಾಷ್ಟ್ರಪತಿ, ರಾಜ್ಯಪಾಲ, ಮುಖ್ಯ ನ್ಯಾಯಮೂರ್ತಿಗಳ ಮಟ್ಟದ ವಿಷಯ ಎಂದು ನಮ್ಮ ನಾಯಕರು ಹೇಳಬಹುದು. ಹೇಳಲಿ. ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟ ಎರಡು ತಾಲ್ಲೂಕುಗಳು ಒಂದು ಮನವಿಪತ್ರವನ್ನಾದರೂ ಕೊಡಬಹುದಿತ್ತಲ್ಲ.

ಹಿಂದಿನವರು ಇಷ್ಟೆಲ್ಲ ಕಾಯುತ್ತಿರಲಿಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಮಯೂರಶರ್ಮ ಓದಲು ಕಂಚಿಗೆ ಹೋದ. ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಯಿತು, ಅವಮಾನವಾಯಿತು. ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು ಬಂದು ಬನವಾಸಿಯಲ್ಲಿ ರಾಜ್ಯವನ್ನೇ ಕಟ್ಟಿದ. ತಾಳಗುಂದದ ಕಂಬದ ಶಾಸನ ಈ ಕಥೆ ಹೇಳುತ್ತದೆ. ಆ ಕಾಲದಲ್ಲಿ ನ್ಯಾಯಮಂಡಳಿ, ಮೇಲ್ಮನವಿ ಇದ್ದಿದ್ದರೆ ಕದಂಬ ರಾಜ್ಯ ಇವತ್ತಿಗೂ ‘ಪ್ರತಿವಾದಿಗೆ ನೋಟಿಸು ಜಾರಿಯಾಗಿಲ್ಲ’ ಎಂಬ ಹಂತದಲ್ಲೇ ಇರುತ್ತಿತ್ತು.

ಅದೇ ತಾಲ್ಲೂಕಿನ ಈಸೂರಿನ ಕಥೆಯಲ್ಲಿ ನಗುವುದಕ್ಕೇನೂ ಇಲ್ಲ. 1942ರಲ್ಲಿ ಊರವರು ತಾವು ಸ್ವತಂತ್ರರೆಂದು ಸಾರಿ, ಹುಡುಗರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡರು. ಸೆಪ್ಟೆಂಬರಿನ ಘರ್ಷಣೆಯಲ್ಲಿ ಸರ್ಕಾರದ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಸತ್ತರು. 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು. ಆರು ತಿಂಗಳಲ್ಲಿ ಬಂಧನ, ವಿಚಾರಣೆ, ತೀರ್ಪು, ನೇಣು ಎಲ್ಲ ಮುಗಿದಿತ್ತು. ವೇಗವಾಗಿ ಕೆಲಸ ಮಾಡುವುದು ಈ ಕಡೆಯ ಕೋರ್ಟಿಗೆ ಬರುವುದೇ ಇಲ್ಲ ಎಂದು ಯಾರೂ ಹೇಳಬಾರದು.

ಗೇಣಿ ಹೋಯಿತು, ಬಗರ್‌ಹುಕುಂ ಬಂತು. ಸರ್ಕಾರಿ ಜಾಗದಲ್ಲಿ ಹುಕುಂ ಇಲ್ಲದೆ ಉಳುವವನು ಸಕ್ರಮಕ್ಕೆ ಅರ್ಜಿ ಕೊಡಬೇಕು. ಮೊದಲು ನಮೂನೆ 50, ಆಮೇಲೆ 53, 2018ರಿಂದ 57. ಅಪ್ಪ 50 ಹಾಕಿದ್ದ, ಮಗ 53 ಹಾಕಿದ, ಮೊಮ್ಮಗ 57 ಹಾಕಿದ್ದಾನೆ. ಕುಟುಂಬದ ವಂಶಾವಳಿ ಬೇಕಿದ್ದರೆ ತಾಲ್ಲೂಕು ಕಚೇರಿಯ ನಮೂನೆಗಳನ್ನು ಜೋಡಿಸಿದರೆ ಸಾಕು. ಇದನ್ನು ತೀರ್ಮಾನಿಸುವ ಸಮಿತಿಗೆ ಅಧ್ಯಕ್ಷರು ಯಾರು? ಶಾಸಕರು! ತಹಶೀಲ್ದಾರರು ಕಾರ್ಯದರ್ಶಿ. ಬೇರೆ ಕೋರ್ಟುಗಳನ್ನು ಹುಟ್ಟಿಸುವುದು, ಸಾಯಿಸುವುದು ಎಲ್ಲ ಮಾಡಿ ನೋಡಿದ ಶಾಸನಸಭೆ ಕೊನೆಗೆ ತಾನೇ ಬಂದು ಕುರ್ಚಿಯಲ್ಲಿ ಕೂತಿತು. ಇದನ್ನು ರದ್ದು ಮಾಡಬೇಕೆಂದು ಯಾವ ಪಕ್ಷದ ಶಾಸಕರೂ ತಿದ್ದುಪಡಿ ತಂದ ನೆನಪಿಲ್ಲ. ಐದು ವರ್ಷಕ್ಕೊಮ್ಮೆ ಕಕ್ಷಿದಾರನೇ ಜಡ್ಜನ್ನು ಆರಿಸುವ, ಜಡ್ಜೇ ಕಕ್ಷಿದಾರನ ಮನೆ ಬಾಗಿಲಿಗೆ ಕೈಮುಗಿದು ಬರುವ ನ್ಯಾಯಪೀಠ ನಮ್ಮ ದೇಶದಲ್ಲಿ ಇನ್ನೆಲ್ಲಿದೆ? ಚುನಾವಣೆ ಹತ್ತಿರವಾದಾಗ ಸಭೆಗಳು ಚುರುಕಾಗುತ್ತವೆ. ಹಕ್ಕುಪತ್ರ ಶಾಮಿಯಾನದ ಕೆಳಗೆ, ಫೋಟೋ ಸಹಿತ ಸಿಗುತ್ತದೆ.

ಈ ಸಮಿತಿಯ ಮುಂದೆ ಅರ್ಜಿದಾರನಾದ ಅದೇ ಮನುಷ್ಯನನ್ನು ಅದೇ ವಿಧಾನಸಭೆ ಇನ್ನೊಂದು ಕಡೆ ಆರೋಪಿಯನ್ನಾಗಿ ಮಾಡಿತು. ಬೆಂಗಳೂರಿನ ಸುತ್ತ ಕೆರೆ, ಗೋಮಾಳ ನುಂಗಿದ ದೊಡ್ಡ ಕುಳಗಳ ಬಗ್ಗೆ ಎ.ಟಿ. ರಾಮಸ್ವಾಮಿ ಸಮಿತಿ ವರದಿ ಕೊಟ್ಟಿತ್ತು, ಬಾಲಸುಬ್ರಮಣಿಯನ್ ಕಾರ್ಯಪಡೆ ಕೊಟ್ಟಿತ್ತು. ಅದಕ್ಕೆ ಮದ್ದೆಂದು 2011ರ ಹೆಸರಿನ ಭೂಕಬಳಿಕೆ ನಿಷೇಧ ಕಾಯ್ದೆ ತಯಾರಾಗಿ, ರಾಷ್ಟ್ರಪತಿಗಳ ಅಂಕಿತ ಪಡೆದು, 2014ರ 38ನೇ ಕಾಯ್ದೆಯಾಗಿ ಹೊರಬಂತು. 2016ರಲ್ಲಿ ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯ ಶುರುವಾಯಿತು. ತಪ್ಪು ಸಾಬೀತಾದರೆ ಒಂದರಿಂದ ಮೂರು ವರ್ಷ ಜೈಲು, 25,000 ರೂಪಾಯಿವರೆಗೆ ದಂಡ. ಇಡೀ ರಾಜ್ಯಕ್ಕೆ ಅದೊಂದೇ. ಕಾಯ್ದೆಯ ಕಣ್ಣಿಗೆ ಸರ್ಕಾರಿ ಜಾಗ ಎಂದರೆ ಸರ್ಕಾರಿ ಜಾಗ; ಐಟಿ ಪಾರ್ಕು ಎದ್ದದ್ದೂ ಒಂದೇ, ಶುಂಠಿ ಹಾಕಿದ್ದೂ ಒಂದೇ. ಮಲೆನಾಡಿನ ಸಾಗುವಳಿದಾರರಿಗೆ ನೋಟಿಸು ಬರತೊಡಗಿದವು. ತಾಲ್ಲೂಕು ಕಚೇರಿಯಲ್ಲಿ ಸಕ್ರಮದ ಅರ್ಜಿ ಬಾಕಿ ಇದೆ, ಬೆಂಗಳೂರಿನಲ್ಲಿ ಅಕ್ರಮದ ಕೇಸು ಬಾಕಿ ಇದೆ. ಜಮೀನು ಒಂದೇ, ಮನುಷ್ಯ ಒಬ್ಬನೇ, ಸರ್ವೆ ನಂಬರೂ ಅದೇ. ದಂಡ ಕಟ್ಟುವ ಮೊದಲೇ ದಂಡಕ್ಕಿಂತ ಹೆಚ್ಚು ಬಸ್ ಚಾರ್ಜು ಕೊಟ್ಟಿರುತ್ತಾನೆ.

ಗಲಾಟೆ ಎದ್ದ ಮೇಲೆ ಗ್ರಾಮಾಂತರದ ರೈತರನ್ನು ಆ ಕೋರ್ಟಿನ ಕೈಯಿಂದ ಬಿಡಿಸುವ ತಿದ್ದುಪಡಿ ತಂದರು. ಒಳ್ಳೆಯದೇ. ಆದರೆ ಕಾಯ್ದೆ ಮಾಡುವಾಗ, ಇದು ಸೊರಬದವನಿಗೂ ತಾಗೀತಲ್ಲ ಎಂದು ಹೊಳೆಯಲು ಬೇಕಿದ್ದದ್ದು ಒಂದು ಮ್ಯಾಪು. ವಿಧಾನಸೌಧದಲ್ಲಿ ಅದಕ್ಕೇನು ಬರವೇ?

ಕೋರ್ಟನ್ನು ಕೊಲ್ಲದೆಯೂ ಕೇಸು ಮುಗಿಸುವ ವಿದ್ಯೆ 2020ರಲ್ಲಿ ಕರಗತವಾಯಿತು. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಬಾರದೆಂಬ 79ಎ, 79ಬಿ ಕಲಂಗಳನ್ನು ಭೂಸುಧಾರಣೆ ಕಾಯ್ದೆಯಿಂದಲೇ ಕಿತ್ತರು, ಅವುಗಳಡಿ ಎ.ಸಿ. ಕಚೇರಿಗಳಲ್ಲಿದ್ದ ಕೇಸುಗಳೂ ಹೋದವು. ಆಗ ಮುಖ್ಯಮಂತ್ರಿ ಶಿಕಾರಿಪುರದವರೇ, ಯಡಿಯೂರಪ್ಪನವರು. ಜಮೀನು ಕೊಂಡವರ ಕೇಸು ಒಂದೇ ಏಟಿಗೆ ಇತ್ಯರ್ಥ. ಉತ್ತವರ ನಮೂನೆಗೆ ಮಾತ್ರ ಇನ್ನೂ ಹೊಸ ನಂಬರು ಬರುತ್ತಲೇ ಇದೆ.

ಟೀಕಿಸಿ ಸುಮ್ಮನಾಗುವುದು ಸುಲಭ, ಆದ್ದರಿಂದ ನನ್ನದೂ ಒಂದು ಖಾಸಗಿ ವಿಧೇಯಕ ಇರಲಿ: ಶಿಕಾರಿಪುರ-ಸೊರಬ ಸಂಚಾರಿ ನ್ಯಾಯಮಂಡಳಿ ವಿಧೇಯಕ. ಮಂಡಳಿಯ ಕಲಾಪ ಸೊರಬದಿಂದ ಬೆಂಗಳೂರಿಗೆ ಹೊರಡುವ ರಾತ್ರಿ ಬಸ್ಸಿನಲ್ಲಿ ನಡೆಯತಕ್ಕದ್ದು. ಕಕ್ಷಿದಾರರು ಹೇಗೂ ಅದರಲ್ಲೇ ಇರುತ್ತಾರೆ. ಅಧ್ಯಕ್ಷರು ಡ್ರೈವರ್ ಹಿಂದಿನ ಸೀಟಿನಲ್ಲಿ, ಒಡೆಯರು ಕಿಟಕಿ ಬದಿ, ಗೇಣಿದಾರ ಹಿಂದಿನ ಚಕ್ರದ ಮೇಲೆ. ಶಿರಾಳಕೊಪ್ಪದಲ್ಲಿ ಸಾಕ್ಷಿಗಳು ಹತ್ತುವುದು, ಶಿಕಾರಿಪುರದಲ್ಲಿ ಪಾಟಿ ಸವಾಲು, ಶಿವಮೊಗ್ಗದಲ್ಲಿ ಚಹಾ ಮತ್ತು ವಾಯಿದೆ. ತೀರ್ಪು ಕೊಡಲೇಬೇಕಾದ ಸಂದರ್ಭ ಬಂದಲ್ಲಿ ತುಮಕೂರು ದಾಟಿದ ನಂತರ, ಎಲ್ಲರೂ ನಿದ್ದೆಯಲ್ಲಿರುವಾಗ ಓದತಕ್ಕದ್ದು. ಸದರಿ ಮಂಡಳಿಯನ್ನು ರದ್ದುಗೊಳಿಸುವ ವಿಧೇಯಕವನ್ನು ಇದರ ಜೊತೆಯಲ್ಲೇ, ಅದೇ ದಿನ, ಅದೇ ಧ್ವನಿಮತದಿಂದ ಅಂಗೀಕರಿಸಿ ಇಟ್ಟುಕೊಳ್ಳತಕ್ಕದ್ದು. ದಿನಾಂಕದ ಜಾಗ ಖಾಲಿ ಬಿಟ್ಟರಾಯಿತು.